ಬೆನ್ನು ತಟ್ಟುವವರು ದೂರವಾದ ಮೇಲೆ

ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಬರೆಯಲು ಕುಳಿತದ್ದು 1936ರಲ್ಲಿ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯ ಅಜ್ಜನ ಮನೆಯಲ್ಲಿ 1904ರ ಡಿಸೆಂಬರ್ 29ರಂದು ಹುಟ್ಟಿದ ಹುಡುಗನಿಗೆ ಆಗ ಮೂವತ್ತು ದಾಟಿತ್ತು. ಕೈಯಲ್ಲಿ ಕಾಲೇಜಿನ ಕೆಲಸವಿತ್ತು, ಕವಿಯೆಂಬ ಹೆಸರೂ ಬಂದಿತ್ತು. ಅವೆರಡಕ್ಕಿಂತ ದೊಡ್ಡ ಆಸರೆಯಾಗಿ ಗುರು ಟಿ.ಎಸ್. ವೆಂಕಣ್ಣಯ್ಯನವರು ಇದ್ದರು. ಶಿಷ್ಯರ ಬರವಣಿಗೆಯನ್ನು ತಮ್ಮದಕ್ಕಿಂತ ಹೆಚ್ಚಿನ ಅಕ್ಕರೆಯಿಂದ ಕಂಡ ಅಧ್ಯಾಪಕರು ಅವರು. 1939ರಲ್ಲಿ ವೆಂಕಣ್ಣಯ್ಯ ತೀರಿಕೊಂಡರು. ಕಾವ್ಯ ಮುಗಿದದ್ದು 1946ರಲ್ಲಿ.

ನಡುವೆ ಏಳು ವರ್ಷಗಳಿವೆ. ಕಾವ್ಯದ ಬಗ್ಗೆ ಬರೆದವರು ಅದರ ಛಂದಸ್ಸಿನ ಬಗ್ಗೆ, ದರ್ಶನದ ಬಗ್ಗೆ, ಊರ್ಮಿಳೆ ಮಂಡೋದರಿಯರ ಬಗ್ಗೆ ಬಹಳ ಬರೆದಿದ್ದಾರೆ. ನನ್ನ ಮನಸ್ಸು ಮಾತ್ರ ಆ ಏಳು ವರ್ಷಗಳ ಸುತ್ತ ತಿರುಗುತ್ತದೆ. ಇಪ್ಪತ್ತೆರಡು ಸಾವಿರಕ್ಕೂ ಮೀರಿದ ಸಾಲುಗಳ ಕೃತಿಯೊಂದು ಅರ್ಧ ದಾರಿಯಲ್ಲಿರುವಾಗ, ಮೆಚ್ಚುಗೆಯಿಂದ ಕೇಳುತ್ತಿದ್ದ ಕಿವಿ ಇಲ್ಲವಾಯಿತು. ಆಮೇಲೂ ಕವಿ ಬರೆಯುತ್ತಲೇ ಹೋದರು. ಕೃತಿ ಮುಗಿದಾಗ ಅದನ್ನು ವೆಂಕಣ್ಣಯ್ಯನವರಿಗೇ ಅರ್ಪಿಸಿದರು, ಗುರು ಎದುರಿಗೇ ಇದ್ದಾರೆ ಎಂಬಂತೆ ಅವರನ್ನು ಮಾತನಾಡಿಸುತ್ತ. ಪ್ರಶಸ್ತಿಗಳು ಬರಲು ಇನ್ನೂ ಬಹಳ ಕಾಲ ಕಾಯಬೇಕಿತ್ತು. ಕೇಂದ್ರ ಸಾಹಿತ್ಯ ಅಕಾಡೆಮಿಯ ಗೌರವ 1955ರದು. ಕನ್ನಡಕ್ಕೆ ಮೊದಲನೆಯದಾದ ಜ್ಞಾನಪೀಠ 1967ರ ಸಾಲಿನದು.

ದೊಡ್ಡ ಕವಿಗೆ ಅದು ಸಾಧ್ಯವಾಯಿತು, ನಮಗೆ ಹೇಗೆ ಎಂದು ಕೇಳಬಹುದು. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಬೆಟ್ಟದ ಮಡಿಲಲ್ಲಿ ಇದೇ ಪ್ರಶ್ನೆಯನ್ನು ಬೇರೆ ಬೇರೆ ಕಸುಬಿನ ಜನ ದಿನವೂ ಎದುರಿಸುತ್ತಿದ್ದಾರೆ. ಶಾಲೆಯ ಮೇಷ್ಟ್ರು, ಕಾಫಿ ಸಂಶೋಧಕ, ಅಡಿಕೆ ಬೆಳೆಗಾರ, ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗಾರ, ಶಾಸ್ತ್ರದ ಪಂಡಿತ: ಇವರೆಲ್ಲರ ವೃತ್ತಿಯಲ್ಲೂ ಒಂದು ಹಂತ ಬರುತ್ತದೆ. ಕೆಲಸ ಮುಂದೆ ಹೋಗುತ್ತಿರುತ್ತದೆ, ‘ಭೇಷ್’ ಎನ್ನುವ ದನಿ ಹಿಂದೆ ಉಳಿದಿರುತ್ತದೆ.

ಹೊಗಳಿಕೆ ಯಾಕೆ ಕಡಿಮೆಯಾಗುತ್ತದೆ

ಹೊಸದಾಗಿ ಕೆಲಸಕ್ಕೆ ಸೇರಿದವರ ಮೇಲೆ ಎಲ್ಲರ ಕಣ್ಣಿರುತ್ತದೆ. ಮೊದಲ ಬಾರಿ ತರಗತಿ ನಿಭಾಯಿಸಿದ ಶಿಕ್ಷಕಿಗೆ ಮುಖ್ಯೋಪಾಧ್ಯಾಯರು ಒಳ್ಳೆಯ ಮಾತು ಹೇಳುತ್ತಾರೆ, ಮೊದಲ ಹೆರಿಗೆ ಮಾಡಿಸಿದ ನರ್ಸಮ್ಮನನ್ನು ಊರೇ ಕೊಂಡಾಡುತ್ತದೆ. ಕಲಿಯುವ ವಯಸ್ಸಿನಲ್ಲಿ ಇಂದು ಮಾಡಿದ್ದರ ಫಲ ನಾಳೆಯೇ ಕಾಣುತ್ತದೆ.

ಹತ್ತು ಹದಿನೈದು ವರ್ಷ ಕಳೆದ ಮೇಲೆ ಲೆಕ್ಕಾಚಾರವೇ ಬದಲಾಗುತ್ತದೆ. ಚೆನ್ನಾಗಿ ಮಾಡುವುದು ನಮ್ಮ ಕರ್ತವ್ಯ ಎಂದಾಗುತ್ತದೆ; ತಪ್ಪಿದ್ದು ಮಾತ್ರ ಸುದ್ದಿಯಾಗುತ್ತದೆ. ಮೇಲಿನವರು ದೂರದ ಕಚೇರಿಯಲ್ಲಿರುತ್ತಾರೆ. ಕೈಕೆಳಗಿನವರು ಹೊಗಳಿದರೆ ಅದು ಮನಸ್ಸಿನ ಮಾತೋ, ರಜೆ ಅರ್ಜಿಯ ಪೀಠಿಕೆಯೋ ತಿಳಿಯುವುದಿಲ್ಲ. ಸರೀಕರಿಗೆ ಅವರವರ ಚಿಂತೆ. ಹಿರಿತನಕ್ಕೆ ಸಿಗುವ ಕೆಲಸಗಳ ಸ್ವಭಾವವೂ ಬೇರೆ. ಒಂದು ಶಾಲೆಯನ್ನು ಉಳಿಸುವುದು, ಒಂದು ತೋಟವನ್ನು ಮತ್ತೆ ಕಟ್ಟುವುದು, ಒಂದು ಇಲಾಖೆಯ ಚಾಳಿ ತಿದ್ದುವುದು ವರ್ಷದೊಳಗೆ ಆಗುವಂಥವಲ್ಲ.

ಅದರ ಜೊತೆಗೆ ನಮ್ಮ ಮಲೆನಾಡಿನ ಸ್ವಭಾವವೂ ಇದೆ. ಇಲ್ಲಿನ ಮನೆಗಳಲ್ಲಿ ಹಿರಿಯರು ಒಳ್ಳೆಯ ಕೆಲಸ ಕಂಡರೂ ‘ಅಡ್ಡಿಲ್ಲ’ ಎಂದು ನಿಲ್ಲಿಸುತ್ತಾರೆ. ಪ್ರೀತಿ ಇಲ್ಲವೆಂದಲ್ಲ, ಹೊಗಳಿದರೆ ದೃಷ್ಟಿಯಾದೀತು, ಮಕ್ಕಳು ಕೆಟ್ಟಾರು ಎಂಬ ಭಯ. ತನ್ನ ಬೆನ್ನು ತಾನೇ ತಟ್ಟಿಕೊಳ್ಳುವವನನ್ನು ಕಂಡರಂತೂ ಯಾರಿಗೂ ಆಗದು. ಹೀಗೆ ಬೆಳೆದವರು ನಲವತ್ತೈದರ ಹೊತ್ತಿಗೆ, ಹೊರಗಿನಿಂದ ಹುರಿದುಂಬಿಸುವವರಿಲ್ಲದೆ, ಒಳಗಿನಿಂದ ಹುರಿದುಂಬಿಸಿಕೊಳ್ಳುವ ಅಭ್ಯಾಸವೂ ಇಲ್ಲದೆ ನಿಲ್ಲುತ್ತಾರೆ. ಅದನ್ನು ಸುಸ್ತು ಎನ್ನುತ್ತೇವೆ, ವಯಸ್ಸು ಎನ್ನುತ್ತೇವೆ. ಬಹಳ ಸಲ ಅದು ಸುಸ್ತೂ ಅಲ್ಲ, ವಯಸ್ಸೂ ಅಲ್ಲ. ಮಾಡಿದ ಕೆಲಸವನ್ನು ಕಂಡವರಿಲ್ಲ ಎಂಬ ಒಣ ಭಾವನೆ ಅದು.

ಕಾಲುಸಂಕದ ಆಚೆಯ ಶಾಲೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳನ್ನು ಮುಖ್ಯವಾಗಿ ಒಳಗೊಂಡ ಶೃಂಗೇರಿ ವಿಧಾನಸಭಾ ಕ್ಷೇತ್ರದಿಂದ ಆರಿಸಿ ಬಂದಿದ್ದವರು ಕೊಪ್ಪದ ಎಚ್.ಜಿ. ಗೋವಿಂದೇಗೌಡರು. 1994ರಿಂದ 1999ರವರೆಗಿನ ಜನತಾದಳ ಸರ್ಕಾರದಲ್ಲಿ ಶಿಕ್ಷಣ ಸಚಿವರಾಗಿದ್ದಾಗ ಅವರು ಒಂದು ಲಕ್ಷದಷ್ಟು ಶಿಕ್ಷಕರನ್ನು, ಲಂಚ ಮತ್ತು ಶಿಫಾರಸುಗಳಿಗೆ ಎಡೆಯಿಲ್ಲದಂತೆ, ಅಂಕಗಳ ಆಧಾರದ ಮೇಲೆ ನೇಮಿಸಿಕೊಂಡರು. ರಾಜ್ಯದ ಎಷ್ಟೋ ಬಡ ಮನೆಗಳಲ್ಲಿ ಅದು ಮೊದಲ ಸರ್ಕಾರಿ ಸಂಬಳ. 2016ರ ಜನವರಿಯಲ್ಲಿ ಅವರು ತೀರಿಕೊಂಡಾಗ ಆ ಶಿಕ್ಷಕರು ಅವರನ್ನು ಮನೆಯ ಹಿರಿಯನಂತೆ ನೆನೆದರು.

ಆ ನೇಮಕಾತಿಯಲ್ಲಿ ಇಪ್ಪತ್ತೈದರ ಆಸುಪಾಸಿನಲ್ಲಿ ಕೆಲಸಕ್ಕೆ ಸೇರಿದವರು ಈಗ ನಿವೃತ್ತಿಯ ಹತ್ತಿರ ಬಂದಿದ್ದಾರೆ. ಅವರ ವೃತ್ತಿಜೀವನದ ಮೊದಲ ವರ್ಷ ಮತ್ತು ಇಂದಿನ ವರ್ಷವನ್ನು ಪಕ್ಕಪಕ್ಕ ಇಟ್ಟು ನೋಡಿ. ಆಗ ಮೇಷ್ಟ್ರು ಊರಿಗೆ ಬಂದದ್ದೇ ಹಬ್ಬ. ಮನೆಮನೆಯಿಂದ ಮಕ್ಕಳು ಬರುತ್ತಿದ್ದರು, ಹಲಸಿನ ಹಪ್ಪಳ, ಮಾವಿನ ಮಿಡಿಯ ಉಪ್ಪಿನಕಾಯಿಯೂ ಬರುತ್ತಿದ್ದವು. ಇಂದು ಕಾಲುಸಂಕ ದಾಟಿ ಹೋಗಬೇಕಾದ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಬೆರಳೆಣಿಕೆ. ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಯ ಹಳದಿ ವ್ಯಾನು ಊರ ಬಾಗಿಲಿಗೇ ಬರುತ್ತದೆ. ಒಬ್ಬರೇ ಶಿಕ್ಷಕರು, ಪಾಠ, ಬಿಸಿಯೂಟ, ಹಾಜರಾತಿ, ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ ಎಲ್ಲವೂ ಅವರದೇ. ಈ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಮಕ್ಕಳ ಸಂಖ್ಯೆ ಇಳಿದದ್ದಕ್ಕೆ ವಿವರಣೆ ಮಾತ್ರ ಕೇಳುತ್ತಾರೆ.

ಇಂಥ ಶಾಲೆಯಲ್ಲಿ ಉತ್ಸಾಹ ಉಳಿಸಿಕೊಂಡವರನ್ನು ಗಮನಿಸಿದರೆ ಒಂದು ಗುಣ ಕಾಣುತ್ತದೆ. ಅವರು ಮಕ್ಕಳ ಸಂಖ್ಯೆಯಿಂದ ತಮ್ಮನ್ನು ಅಳೆದುಕೊಳ್ಳುವುದಿಲ್ಲ. ಜೂನ್‌ನಲ್ಲಿ ಅಕ್ಷರ ಕೂಡಿಸಲು ಬಾರದಿದ್ದ ಹುಡುಗಿ ನವೆಂಬರಿನಲ್ಲಿ ಒಂದು ಪುಟ ಓದಿದಳೇ? ಮಾತೇ ಆಡದ ಕೂಲಿಲೈನಿನ ಹುಡುಗ ಪ್ರಾರ್ಥನೆಯಲ್ಲಿ ಮುಂದೆ ನಿಂತನೇ? ಅವರ ಲೆಕ್ಕ ಇಷ್ಟು. ಇಲಾಖೆಯ ಯಾವ ನಮೂನೆಯಲ್ಲೂ ಇದಕ್ಕೆ ಕಾಲಂ ಇಲ್ಲ. ಆದರೆ ಇದು ನಡೆದ ಸಂಗತಿ, ತೋರಿಸಬಹುದಾದ ಸಂಗತಿ. ಶಿಕ್ಷಕಿಯ ಕೈಯಲ್ಲಿರುವ ಸಂಗತಿ ಕೂಡ.

ಬಾಳೆಹೊನ್ನೂರಿನ ತಾಳ್ಮೆ

ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿನ ಬಳಿ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಿದೆ. ಮೈಸೂರು ಸರ್ಕಾರ 1925ರಲ್ಲಿ ಇದನ್ನು ಕಾಫಿ ಪ್ರಯೋಗ ಕೇಂದ್ರವಾಗಿ ಆರಂಭಿಸಿತು. ಸಂಸ್ಥಾನದ ಕೃಷಿ ಇಲಾಖೆ ಆಗ ಕೆನಡಾದಿಂದ ಬಂದಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಕೈಯಲ್ಲಿತ್ತು. ಮಲೆನಾಡಿನ ಅಡಿಕೆಯನ್ನು ಕಾಡುತ್ತಿದ್ದ ಕೊಳೆರೋಗವನ್ನು ಅಭ್ಯಾಸ ಮಾಡಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಇಲ್ಲಿನ ತೋಟಗಳಲ್ಲಿ ರೂಢಿಗೆ ತಂದವರೂ ಅವರೇ.

ಕಾಫಿ ತಳಿ ಬೆಳೆಸುವವರ ವೃತ್ತಿಜೀವನ ಎಂಥದೆಂದು ಒಮ್ಮೆ ಯೋಚಿಸಿ. ಎರಡು ತಳಿಗಳ ಹೂವನ್ನು ಕೈಯಾರೆ ಕೂಡಿಸಬೇಕು. ಬೀಜ ಬಲಿತು, ಸಸಿಯಾಗಿ, ಗಿಡವಾಗಿ ಮೊದಲ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು. ಒಂದು ಫಸಲಿನಿಂದ ಏನೂ ಹೇಳಲಾಗದು. ಮಳೆ ಹೆಚ್ಚಾದ ವರ್ಷ, ಬರ ಬಂದ ವರ್ಷ, ಎಲೆ ತುಕ್ಕು ರೋಗ ಕೆರಳಿದ ವರ್ಷ, ಎಲ್ಲದರಲ್ಲೂ ಗಿಡ ಹೇಗೆ ನಿಂತಿತೆಂದು ಬರೆದಿಡಬೇಕು. ಆರಿಸಿದ ಗಿಡದ ಬೀಜ ಬಿತ್ತಿ ಮುಂದಿನ ಪೀಳಿಗೆಯಲ್ಲಿ ಅದೇ ಗುಣ ಬಂತೇ ನೋಡಬೇಕು. ಬೇರೆ ಬೇರೆ ಎತ್ತರದ ತೋಟಗಳಲ್ಲಿ ನೆಟ್ಟು ಪರೀಕ್ಷಿಸಬೇಕು. ಹೀಗೆ ಎರಡು ದಶಕ ಮೀರುವುದು ಸಾಮಾನ್ಯ. ಯೌವನದಲ್ಲಿ ಹೂ ಕೂಡಿಸಿದವನು ತಳಿ ಬಿಡುಗಡೆಯಾಗುವ ಹೊತ್ತಿಗೆ ನಿವೃತ್ತನಾಗಿರಬಹುದು. ವೇದಿಕೆಯ ಮೇಲೆ ಬೇರೆಯವರು ಇರಬಹುದು.

ಎಸ್.795 ಎಂಬ ಅರೇಬಿಕಾ ತಳಿ ಈ ಕೇಂದ್ರದ ಕೊಡುಗೆ. ಎಸ್.288 ಎಂಬ ಆಯ್ಕೆಯನ್ನೂ ಕೆಂಟ್ಸ್ ತಳಿಯನ್ನೂ ಕೂಡಿಸಿ ಪಡೆದ ಈ ತಳಿ 1940ರ ದಶಕದಲ್ಲಿ ಬೆಳೆಗಾರರ ಕೈಸೇರಿತು. ದಶಕಗಳ ಕಾಲ ಭಾರತದ ಅರೇಬಿಕಾ ತೋಟಗಳಲ್ಲಿ ಅತಿ ಹೆಚ್ಚು ಬೆಳೆದ ತಳಿಗಳಲ್ಲಿ ಇದೂ ಒಂದು. ಕಾಲಕ್ರಮದಲ್ಲಿ ತುಕ್ಕು ರೋಗದ ಹೊಸ ಬಗೆಗಳು ಇದನ್ನೂ ಹಿಡಿದವು. ಕೆಲಸ ಮತ್ತೆ ಮೊದಲಿನಿಂದ ಶುರುವಾಯಿತು. 2007ರಲ್ಲಿ ಚಂದ್ರಗಿರಿ ತಳಿ ಬಂತು.

ರೋಗ ಮತ್ತೆ ಬಂದದ್ದರಿಂದ ಹಿಂದಿನವರ ದುಡಿಮೆ ಸೋತಿತು ಎನ್ನಬೇಕೇ? ಎರಡು ಮೂರು ತಲೆಮಾರಿನ ಬೆಳೆಗಾರರು ಆ ಗಿಡದಿಂದ ಮನೆ ಕಟ್ಟಿದರು, ಮಕ್ಕಳನ್ನು ಓದಿಸಿದರು. ಆದರೆ ಇಂಥ ಕೆಲಸದಲ್ಲಿರುವವರಿಗೆ ಕೊನೆಯ ಫಲಿತಾಂಶವೊಂದೇ ಉತ್ಸಾಹದ ಮೂಲವಾದರೆ, ಇಪ್ಪತ್ತು ವರ್ಷ ಉಪವಾಸ. ಅವರಿಗೆ ದಿನದ ಅನ್ನ ಸಿಗುವುದು ದಾಖಲೆ ಪುಸ್ತಕದಲ್ಲಿ: ಇವತ್ತು ನೋಡಿದ ಗಿಡಗಳು, ಈ ವರ್ಷ ತಳ್ಳಿಹಾಕಿದ ಸಾಲುಗಳು, ಹೋದ ವರ್ಷಕ್ಕಿಂತ ಸ್ಪಷ್ಟವಾದ ಒಂದು ಅನುಮಾನ. ತಳ್ಳಿಹಾಕಿದ್ದೂ ಪ್ರಗತಿಯೇ ಎಂದು ತಿಳಿದಿರುವುದು ಈ ವೃತ್ತಿಯ ದೊಡ್ಡ ಪಾಠ.

ಇದಕ್ಕೆ ಹೊರಗಿನ ಪುರಾವೆಯೂ ಇದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ತೆರೆಸಾ ಅಮಾಬಿಲೆ ಮತ್ತು ಸಂಶೋಧಕ ಸ್ಟೀವನ್ ಕ್ರೇಮರ್ 7 ಕಂಪನಿಗಳ 238 ಉದ್ಯೋಗಿಗಳಿಂದ ಸುಮಾರು 12,000 ದಿನಚರಿ ಬರಹಗಳನ್ನು ಸಂಗ್ರಹಿಸಿ ಓದಿದರು. ಅದರ ಫಲವನ್ನು 2011ರಲ್ಲಿ ಪುಸ್ತಕವಾಗಿ ತಂದರು. ಜನರಿಗೆ ಕೆಲಸದಲ್ಲಿ ಹುರುಪು ಕೊಟ್ಟ ಸಂಗತಿಗಳಲ್ಲಿ ಮೊದಲನೆಯದು, ಅರ್ಥವಿದೆ ಎನಿಸಿದ ಕೆಲಸದಲ್ಲಿ ಒಂದು ಹೆಜ್ಜೆ ಮುಂದೆ ಹೋದೆ ಎಂಬ ಅನುಭವ. ಆ ಹೆಜ್ಜೆ ಸಣ್ಣದಾದರೂ ಸಾಕಿತ್ತು. ಆದರೆ ನೌಕರರಿಗೆ ಉತ್ಸಾಹ ಕೊಡುವುದು ಯಾವುದೆಂದು ಮೇಲಧಿಕಾರಿಗಳನ್ನು ಕೇಳಿದಾಗ ಅವರು ಇದನ್ನೇ ಪಟ್ಟಿಯ ಕೊನೆಯಲ್ಲಿ ಇಟ್ಟರು. ಅಂದಮೇಲೆ ನಮ್ಮ ಹೆಜ್ಜೆಗಳನ್ನು ಮೇಲಿನವರು ಎಣಿಸಲಿ ಎಂದು ಕಾಯುವುದು ವ್ಯರ್ಥ.

ಹುರುಪು ಬೇರೆ, ಹಟ ಬೇರೆ

ತನ್ನನ್ನು ತಾನು ಹುರಿದುಂಬಿಸಿಕೊಳ್ಳುವುದೆಂದರೆ ಏನೇ ಆದರೂ ಹಿಡಿದದ್ದನ್ನು ಬಿಡಬಾರದು ಎಂದು ಹೇಳಿಕೊಳ್ಳುವುದೇ? ಈ ಪ್ರಶ್ನೆಯನ್ನು ಶೃಂಗೇರಿ ಸೀಮೆಯ ಅಡಿಕೆ ಬೆಳೆಗಾರರಷ್ಟು ಕಠಿಣವಾಗಿ ಎದುರಿಸಿದವರು ಕಡಿಮೆ.

ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯ ಈ ರೋಗ ಜಿಗಿಹುಳುವಿನ ಮೂಲಕ ಹರಡುತ್ತದೆ. ಎಲೆ ತುದಿಯಿಂದ ಹಳದಿಯಾಗುತ್ತದೆ, ಮುಡಿ ಕಿರಿದಾಗುತ್ತದೆ, ಅಡಿಕೆ ಬಣ್ಣಗೆಟ್ಟು ಉದುರುತ್ತದೆ, ಇಳುವರಿ ವರ್ಷ ವರ್ಷ ಕುಸಿಯುತ್ತದೆ. ಪೂರ್ತಿ ಗುಣಪಡಿಸುವ ಔಷಧಿ ಇಲ್ಲ. ಅಜ್ಜ ನೆಟ್ಟ, ಅಪ್ಪ ಗೊಬ್ಬರ ಹಾಕಿದ ತೋಟ ಕಣ್ಣೆದುರೇ ಬಡವಾಗುವಾಗ ‘ಇನ್ನೊಂದು ವರ್ಷ ನೋಡುವ’ ಎನ್ನುವುದು ಸಹಜ. ಆ ಮಾತು ಧೈರ್ಯದಂತೆ ಕಾಣುತ್ತದೆ. ಕೆಲವು ಸಲ ಅದು ನೋಡಲಾರದ್ದನ್ನು ನೋಡದೆ ಇರುವ ದಾರಿ.

ಇದೇ ಸೀಮೆಯಲ್ಲಿ ಅಡಿಕೆಯ ನಡುವೆ ಕಾಫಿ ಕೂರಿಸಿದವರು, ಕಾಳುಮೆಣಸಿನ ಬಳ್ಳಿ ಹಬ್ಬಿಸಿದವರು, ಏಲಕ್ಕಿಗೆ ಮರಳಿದವರು ಇದ್ದಾರೆ. ಐವತ್ತು ದಾಟಿದ ಮೇಲೆ ಗೊತ್ತಿಲ್ಲದ ಬೆಳೆಯ ಪಾಠ ಕಲಿಯುವುದಕ್ಕೆ, ಹರೆಯದ ಹುಡುಗನಂತೆ ಪಕ್ಕದ ತೋಟಕ್ಕೆ ಹೋಗಿ ‘ಇದನ್ನ ಹೇಗೆ ಮಾಡೋದು ಮಾರಾಯ್ರೆ?’ ಎಂದು ಕೇಳುವುದಕ್ಕೆ ಬೇಕಾದ ಧೈರ್ಯ ಸಣ್ಣದಲ್ಲ. ಅವರಿಗೆ ಅದನ್ನು ಕೊಟ್ಟದ್ದು ಹಳೆಯ ಬೆಳೆಯ ಮೇಲಿನ ಮೋಹವಲ್ಲ, ತಮ್ಮ ಕೈಯ ಮೇಲಿನ ನಂಬಿಕೆ. ತೋಟ ಹೋದರೂ ಮಣ್ಣು, ನೀರು, ನೆರಳನ್ನು ಓದಲು ಕಲಿತ ಮೂವತ್ತು ವರ್ಷ ಹೋಗಿಲ್ಲ ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಅದು ಸತ್ಯವಾಗಿದ್ದರಿಂದ ಕೆಲಸ ಮಾಡಿತು.

ಕೊನೆಗಾರರ ಬದುಕಿನಲ್ಲೂ ಇದೇ ತಿರುವು ಬರುತ್ತದೆ. ಮರದಿಂದ ಮರಕ್ಕೆ ತೂಗಿಕೊಂಡು ದಾಟುವ ಇಪ್ಪತ್ತರ ಯುವಕನನ್ನು ತೋಟದವರು ಬಾಯಿಬಿಟ್ಟು ನೋಡುತ್ತಾರೆ. ಮಳೆಗಾಲದಲ್ಲಿ ಜಾರುವ ಮರ ಹತ್ತಿ ಔಷಧಿ ಹೊಡೆಯುವವನಿಗೆ ಊರಲ್ಲಿ ಬೇಡಿಕೆ, ಮರ್ಯಾದೆ. ನಲವತ್ತೈದರಲ್ಲಿ ಮೊಣಕಾಲು ಮಾತು ಕೇಳುವುದಿಲ್ಲ. ಈಗ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಔಷಧಿ ಹೊಡೆಯಬಹುದು, ಕೊನೆ ಇಳಿಸಬಹುದು. ದೋಟಿ ಹಿಡಿದವನನ್ನು ಯಾರೂ ಬೆರಗಿನಿಂದ ನೋಡುವುದಿಲ್ಲ. ಆದರೆ ಯಾವ ಕೊನೆ ಬಲಿತಿದೆ, ಯಾವುದಕ್ಕೆ ಇನ್ನೊಂದು ವಾರ ಬೇಕು, ಕೊಳೆ ಎಲ್ಲಿ ಶುರುವಾಗಿದೆ ಎಂದು ನೆಲದಿಂದಲೇ ಹೇಳಬಲ್ಲ ಕಣ್ಣು ಅವನದು. ಹಳೆಯ ಬೆರಗನ್ನು ಹಂಬಲಿಸದೆ ಈಗಿನ ಕಣ್ಣಿನ ಬೆಲೆಯನ್ನು ತಾನೇ ಅರಿತವನು ಆ ವಯಸ್ಸಿನಲ್ಲೂ ತಲೆಯೆತ್ತಿ ದುಡಿಯುತ್ತಾನೆ.

ಒಪ್ಪದವರ ನಡುವೆ

ನಮ್ಮನ್ನು ನಾವೇ ಅಳೆದುಕೊಳ್ಳುವಾಗ ಇನ್ನೊಂದು ಅಪಾಯವಿದೆ: ಅಳತೆಗೋಲು ದಿನೇ ದಿನೇ ಸಡಿಲವಾಗುವುದು. ಇದಕ್ಕೆ ಶೃಂಗೇರಿಯಲ್ಲಿ ಹಳೆಯದೊಂದು ವ್ಯವಸ್ಥೆಯಿದೆ. ಭಾದ್ರಪದದ ಗಣೇಶ ಚತುರ್ಥಿಯ ಹೊತ್ತಿಗೆ ಶಾರದಾ ಪೀಠದಲ್ಲಿ ಮಹಾಗಣಪತಿ ವಾಕ್ಯಾರ್ಥ ವಿದ್ವತ್ಸಭೆ ನಡೆಯುತ್ತದೆ. ನ್ಯಾಯ, ಮೀಮಾಂಸೆ, ವ್ಯಾಕರಣ, ವೇದಾಂತ ಬಲ್ಲ ವಿದ್ವಾಂಸರು ಜಗದ್ಗುರುಗಳ ಎದುರು ವಿಷಯ ಮಂಡಿಸುತ್ತಾರೆ. ಸಭೆಯಲ್ಲಿರುವ ಇತರರು ಆಕ್ಷೇಪ ಎತ್ತುತ್ತಾರೆ, ಮಂಡಿಸಿದವರು ಉತ್ತರಿಸಬೇಕು. ಬಂದವರಲ್ಲಿ ಹಲವರು ಪರೀಕ್ಷೆಗಳನ್ನು ಮುಗಿಸಿ, ತಾವೇ ಶಿಷ್ಯರಿಗೆ ಪರೀಕ್ಷೆ ಮಾಡುವ ಹಂತ ತಲುಪಿದವರು. ಆದರೂ ವರ್ಷಕ್ಕೊಮ್ಮೆ ಪ್ರಶ್ನೆಗೆ ಒಡ್ಡಿಕೊಳ್ಳಲು ಬರುತ್ತಾರೆ.

ಯಾವ ವೃತ್ತಿಯಲ್ಲಾದರೂ ಮೇಲೇರಿದವರಿಗೆ ಇಂಥ ಒಂದು ಸಭೆ ಬೇಕು. ಅದು ಇಬ್ಬರದಾದರೂ ಸರಿ. ವೈದ್ಯರಿಗೆ ತಮ್ಮ ತೀರ್ಮಾನವನ್ನು ಪ್ರಶ್ನಿಸಬಲ್ಲ ಒಬ್ಬ ಸಹವೈದ್ಯ, ಬರಹಗಾರರಿಗೆ ಮುಲಾಜಿಲ್ಲದ ಒಬ್ಬ ಓದುಗ, ಅಧಿಕಾರಿಗೆ ‘ಸರ್, ಇದು ಸರಿಯಿಲ್ಲ’ ಎನ್ನಬಲ್ಲ ಒಬ್ಬ ಗುಮಾಸ್ತ. ಆಕ್ಷೇಪವನ್ನು ಎದುರಿಸಿ ಉಳಿದದ್ದರ ಮೇಲೆ ಮೂಡುವ ವಿಶ್ವಾಸಕ್ಕೆ ಬಲ ಹೆಚ್ಚು.

ಕುವೆಂಪು ಅವರ ಬದುಕಿನಲ್ಲಿ ಇದು ಎರಡು ಸಲ ಕಾಣುತ್ತದೆ. ಹದಿಹರೆಯದಲ್ಲಿ ಅವರು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. ‘ಬಿಗಿನರ್ಸ್ ಮ್ಯೂಸ್’ ಎಂಬ ಸಂಕಲನ 1922ರಲ್ಲಿ ಬಂದಿತ್ತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಕವಿತೆಗಳನ್ನು ತೋರಿಸಿದಾಗ, ನಿನ್ನ ಭಾಷೆಯಲ್ಲಿ ಬರೆ ಎಂಬ ಸಲಹೆ ಸಿಕ್ಕಿತು. ಮೆಚ್ಚುಗೆ ಬಯಸಿ ಹೋದ ಯುವಕನಿಗೆ ಅದು ಸಿಹಿಯಾಗಿರಲಿಲ್ಲ. ಆದರೂ ಅದರಲ್ಲಿದ್ದ ಸತ್ಯವನ್ನು ಒಪ್ಪಿಕೊಂಡು ದಾರಿ ಬದಲಿಸಿದರು. ಇಪ್ಪತ್ತು ವರ್ಷಗಳ ನಂತರ, 1944ರ ‘ಶೂದ್ರ ತಪಸ್ವಿ’ ನಾಟಕದಲ್ಲಿ ಅವರು ಶಂಬೂಕನ ಕಥೆಯನ್ನು ತಿರುಗಿಸಿ ಬರೆದಾಗ ಮಾಸ್ತಿಯವರಂಥ ಹಿರಿಯರೇ ಆಕ್ಷೇಪಿಸಿದರು. ಈ ಬಾರಿ ಕುವೆಂಪು ತಮ್ಮ ನಿಲುವು ಬಿಡಲಿಲ್ಲ. ಒಂದು ಮಾತನ್ನು ಕೇಳಿದರು, ಇನ್ನೊಂದನ್ನು ಒಪ್ಪಲಿಲ್ಲ. ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನವೂ ನಡುವಿನ ಇಪ್ಪತ್ತು ವರ್ಷಗಳ ಗಳಿಕೆ.

ಮುಂದೆ ಅವರು ಮಹಾರಾಜ ಕಾಲೇಜಿನ ಪ್ರಾಂಶುಪಾಲರಾದರು, 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದು ನಿವೃತ್ತರಾದರು. ಅಲ್ಲಿಗೆ ಮುಗಿಸಬಹುದಿತ್ತು, ಗಳಿಸಬೇಕಾದ ಹೆಸರು ಬಾಕಿ ಇರಲಿಲ್ಲ. ಆದರೆ 1967ರಲ್ಲಿ ‘ಮಲೆಗಳಲ್ಲಿ ಮದುಮಗಳು’ ಪ್ರಕಟವಾಯಿತು. ‘ಕಾನೂರು ಹೆಗ್ಗಡಿತಿ’ ಬಂದು ಮೂವತ್ತೊಂದು ವರ್ಷವಾಗಿತ್ತು, ಲೇಖಕರಿಗೆ ಅರವತ್ತೆರಡು. ಆ ವಯಸ್ಸಿನಲ್ಲಿ ಅಷ್ಟು ದೊಡ್ಡ ಕಾದಂಬರಿಗೆ ಅವರನ್ನು ಕೂರಿಸಿದ್ದು ಹುದ್ದೆಯಲ್ಲ, ಸಂಬಳವಲ್ಲ.

ನಾಳೆಯಿಂದ ಮಾಡಬಹುದಾದ್ದು

ಇದೆಲ್ಲದರಿಂದ ನಮಗೆ ದಕ್ಕುವ ಅಭ್ಯಾಸಗಳು ಸರಳ. ಮೊದಲನೆಯದು ಬರೆದಿಡುವುದು. ವಾರಕ್ಕೊಮ್ಮೆ ಅರ್ಧ ಪುಟ ಸಾಕು: ಏನು ಮುಂದೆ ಹೋಯಿತು, ಏನು ನಿಂತಿತು, ಏನು ಕಲಿತೆ. ಮನಸ್ಸು ಸೋಲನ್ನು ಇಟ್ಟುಕೊಂಡು ಗೆಲುವನ್ನು ಮರೆಯುತ್ತದೆ. ಎರಡು ವರ್ಷದ ಬಳಿಕ ಆ ಪುಟಗಳನ್ನು ತಿರುವಿದರೆ, ಒಂದೇ ಕಡೆ ನಿಂತಿದ್ದೇನೆ ಎಂದುಕೊಂಡವರಿಗೂ ನಡೆದ ದಾರಿ ಕಾಣುತ್ತದೆ.

ಎರಡನೆಯದು ತನ್ನೊಡನೆ ಆಡುವ ಮಾತಿನ ರೀತಿ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಈಥನ್ ಕ್ರಾಸ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಒತ್ತಡದ ಕೆಲಸಕ್ಕೆ ಮುನ್ನ ‘ನಾನು’ ಎನ್ನುವ ಬದಲು ತನ್ನ ಹೆಸರು ಹಿಡಿದು ತನ್ನನ್ನೇ ಕರೆದು ಮಾತನಾಡಿಕೊಂಡವರು ಹೆಚ್ಚು ನಿರಾಳವಾಗಿದ್ದರು, ಹೆಚ್ಚು ಚೆನ್ನಾಗಿ ಮಾಡಿದರು. ನಮ್ಮ ದಾಸರು ತಮ್ಮ ಮನಸ್ಸನ್ನೇ ಎದುರಿಗೆ ಕೂರಿಸಿಕೊಂಡು ಗದರಿದವರು, ಸಂತೈಸಿದವರು. ಆ ದಾರಿ ಕನ್ನಡದವರಿಗೆ ಹೊಸದಲ್ಲ. ಇನ್ನೊಬ್ಬರ ಮಗಳು ಸೋತು ಬಂದರೆ ನಾವು ಏನು ಹೇಳುತ್ತೇವೋ ಅದನ್ನು ನಮಗೂ ಹೇಳಿಕೊಳ್ಳುವ ಹಕ್ಕು ನಮಗಿದೆ.

ಮೂರನೆಯದು ಕಲಿಸುವುದು. ಕಿರಿಯರಿಗೆ ಒಂದು ಕೆಲಸವನ್ನು ಬಿಡಿಸಿ ಹೇಳುವಾಗ ಮಾತ್ರ ನಮಗೆ ಎಷ್ಟು ಗೊತ್ತಿದೆ ಎಂಬುದು ನಮಗೇ ತಿಳಿಯುತ್ತದೆ. ಅದರ ಬೆನ್ನಿಗೇ ನಾಲ್ಕನೆಯದೂ ಬರುತ್ತದೆ: ಅವರ ಕೆಲಸ ಚೆನ್ನಾಗಿದ್ದಾಗ ಬಾಯಿಬಿಟ್ಟು ಹೇಳುವುದು. ತಮಗೆ ಸಿಗದ ಮೆಚ್ಚುಗೆಯನ್ನು ಹಿರಿಯರೂ ಹಂಚದಿದ್ದರೆ ಈ ಬರ ಮುಂದಿನ ತಲೆಮಾರಿಗೂ ಸಾಗುತ್ತದೆ. ವೆಂಕಣ್ಣಯ್ಯನವರು ಶಿಷ್ಯನಿಗೆ ಕೊಟ್ಟ ಪ್ರೋತ್ಸಾಹ ಅವರು ಹೋದ ಮೇಲೂ ಏಳು ವರ್ಷ ಆ ಕೈಯಿಂದ ಬರೆಸಿತು ಎಂದು ನಾನು ನಂಬುತ್ತೇನೆ. ನಿಜವಾದ ಮೆಚ್ಚುಗೆಯನ್ನು ಒಮ್ಮೆ ಪಡೆದವನಿಗೆ, ಅದೇ ದನಿಯಲ್ಲಿ ತನ್ನೊಡನೆ ತಾನು ಮಾತನಾಡಿಕೊಳ್ಳಲು ಬರುತ್ತದೆ.

ಇಷ್ಟಾದರೂ ಕೆಲವು ವರ್ಷಗಳು ಒಣಗಿಯೇ ಇರುತ್ತವೆ. ಸಂಬಳ, ಬಡ್ತಿ, ನ್ಯಾಯವಾದ ಬೆಲೆ ಇವು ಸಿಗಬೇಕಾದವರಿಗೆ ಸಿಗಲೇಬೇಕು. ಸ್ವಂತ ಹುರುಪು ಅವುಗಳ ಬದಲಿಯಲ್ಲ, ಅವುಗಳನ್ನು ಕೇಳದಿರಲು ನೆಪವೂ ಅಲ್ಲ. ಆದರೆ ಅವು ಬರುವ ತನಕ ಕೆಲಸ ನಡೆಯಬೇಕು, ಮಾಡುವವರ ಮನಸ್ಸೂ ಉಳಿಯಬೇಕು. ಮಕ್ಕಳು ಓದಲು ಕಲಿತದ್ದನ್ನು ಆ ಮೇಷ್ಟ್ರಷ್ಟು, ಗಿಡ ತುಕ್ಕು ತಡೆದುಕೊಂಡದ್ದನ್ನು ಆ ಸಂಶೋಧಕನಷ್ಟು, ಕೊನೆ ಬಲಿತದ್ದನ್ನು ಆ ಕೊನೆಗಾರನಷ್ಟು ಹತ್ತಿರದಿಂದ ನೋಡಿದವರು ಬೇರೆ ಯಾರೂ ಇಲ್ಲ. ನಮ್ಮ ಕೆಲಸಕ್ಕೆ ಮೊದಲ ಸಾಕ್ಷಿ ನಾವೇ. ಅದು ಕೆಟ್ಟಾಗ ಒಪ್ಪಿಕೊಳ್ಳುವುದು ನಮ್ಮ ಹೊಣೆ ಎಂದು ನಮಗೆ ಕಲಿಸಿದ್ದಾರೆ. ಅದು ಚೆನ್ನಾಗಿ ಆದಾಗ, ಚೆನ್ನಾಗಿದೆ ಎಂದು ಹೇಳುವುದೂ ಅಷ್ಟೇ ನಮ್ಮ ಹೊಣೆ.